ಗೆನ್ನಾದಿಯ ಅಚ್ಚು

ಹಾರ್ಟ್‌ವಿಗ್‌ಗೆ ಎಪ್ಪತ್ತು ತುಂಬಿತ್ತು. ಆದರೆ ಯಾರಾದರೂ ಉರಾಲ್ ಬೆಟ್ಟಗಳ ಮಾತು ತೆಗೆದರೆ ಸಾಕು, ಮೂವತ್ತರವನಾಗಿಬಿಡುತ್ತಿದ್ದ. ಪೂರ್ವ ಜರ್ಮನಿ ಎಂಬ ದೇಶ ಇನ್ನೂ ಇದ್ದಾಗ, ರಷ್ಯಾದ ಅನಿಲವನ್ನು ಯುರೋಪಿಗೆ ತರುವ ಕೊಳವೆ ಬೆಸೆಯಲು ಅವನು ಅಲ್ಲಿಗೆ ಹೋಗಿದ್ದ.

ಆಳೆತ್ತರದ ಕೊಳವೆ. ಆ ಕಡೆ ಒಬ್ಬ, ಈ ಕಡೆ ಒಬ್ಬ. ನೆತ್ತಿಯಿಂದ ಬೆಸೆಯುತ್ತ ಇಳಿದು ಅಡಿಯಲ್ಲಿ ಮುಖಾಮುಖಿಯಾಗಬೇಕು. ಆಮೇಲೆ ಇಬ್ಬರೂ ಉಕ್ಕಿನ ಅಚ್ಚಿನಿಂದ ತಮ್ಮ ತಮ್ಮ ನಂಬರು ಹೊಡೆಯಬೇಕು, ಬಿರುಕು ಬಿಟ್ಟರೆ ಯಾರ ಕಿವಿ ಹಿಂಡಬೇಕೆಂದು ಗೊತ್ತಾಗಲು. ಹಾರ್ಟ್‌ವಿಗ್‌ನದು 47. ಆ ಕಡೆಯ ರಷ್ಯನ್ ಗೆನ್ನಾದಿಯದು 112.

ಅಲ್ಲಿಯ ಚಳಿಗೆ, ಉಗುಳಿದರೆ ನೆಲ ಮುಟ್ಟುವ ಮೊದಲೇ ಮಂಜುಗಡ್ಡೆಯಂತೆ. ಇದರಲ್ಲಿ ಸುಳ್ಳು ಸ್ವಲ್ಪ ಇರಬಹುದು, ಸುಖ ಮಾತ್ರ ನಿಜ. ಕೊಳವೆಯಡಿ ಮಲಗಿಕೊಂಡೇ ಗೆನ್ನಾದಿ ಕೋಟಿನಿಂದ ಉಪ್ಪು ಹಾಕಿದ ಹಂದಿಕೊಬ್ಬು ತೆಗೆದು ಅರ್ಧ ಕೊಡುತ್ತಿದ್ದ. ಹೊರಡುವ ದಿನ ಇಬ್ಬರೂ ಕದ್ದುಮುಚ್ಚಿ ಅಚ್ಚುಗಳನ್ನು ಅದಲುಬದಲು ಮಾಡಿಕೊಂಡರು. ಅಂಥ ದಿನಗಳು ಮತ್ತೆ ಬರಲೇ ಇಲ್ಲ.

ಪ್ರತಿ ಸೆಪ್ಟೆಂಬರಿನಲ್ಲಿ, ಉರಾಲಿನಲ್ಲಿ ಜೊತೆಗೆ ದುಡಿದ ಹಳೆಯ ಬೆಸುಗೆಗಾರರು ಬಾಲ್ಟಿಕ್ ದಂಡೆಯಲ್ಲಿ ರೋಟ್ರೌಡ್ ನಡೆಸುವ ಹೋಟೆಲಿನಲ್ಲಿ ಸೇರುತ್ತಿದ್ದರು. ಹುಳಿ ಸೂಪು, ಬಿಯರು, ಮರದ ದಿಮ್ಮಿಗೆ ಮೊಳೆ ಹೊಡೆಯುವ ಪಂದ್ಯ, ಅವೇ ಕಥೆಗಳು. ಹೆಂಡತಿ ತೀರಿಕೊಂಡ ಮೇಲೆ ಹಾರ್ಟ್‌ವಿಗ್‌ಗೆ ವರ್ಷಕ್ಕೆ ಅದೊಂದೇ ಹಬ್ಬ.

ರಷ್ಯಾ ನೆರೆಯ ದೇಶದ ಮೇಲೆ ಯುದ್ಧ ಶುರುಮಾಡಿದ ಮೇಲಿನ ಮೂರನೆಯ ಸೆಪ್ಟೆಂಬರಿನಲ್ಲಿ ಅವನು ಒಂದು ಕಾಗದ ತಂದ. ಯುದ್ಧ ಬೇಡವೆಂದು ಬರೆದ ರಟ್ಟು ಹಿಡಿದು ನಿಂತದ್ದಕ್ಕೆ ಗೆನ್ನಾದಿಯ ಮಗಳು ಜ್ಲಾತಾಗೆ ಆರು ವರ್ಷ ಜೈಲಾಗಿತ್ತು. ಅಂಥವರನ್ನು ಬಿಡುವವರೆಗೆ ಆ ಅನಿಲ ಬೇಡವೆಂದು ಯುರೋಪಿನ ದೇಶಗಳೆಲ್ಲ ಒಂದೇ ದನಿಯಲ್ಲಿ ಹೇಳಲಿ ಎಂಬ ಮನವಿ ಅದು.

"ಏನೋ ಅದು, ಮುದುಕಪ್ಪನ ಮದುವೆ ಕಾಗದವಾ?" ಎಂದು ಗೆಳೆಯ ಎಕ್‌ಹಾರ್ಟ್ ಕಿಚಾಯಿಸಿದ. ಓದಿದ ಮೇಲೆ ನಗು ಹೋಯಿತು. "ತಲೆ ನೆಟ್ಟಗಿದೆಯೇನೋ? ನಾವೇ ಬೆಸೆದ ಕೊಳವೆ ಮುಚ್ಚಿ ಅಂತ ನಾವೇ ಬರ್ಕೊಡೋದಾ?"

"ಗೆನ್ನಾದಿ ಮಗಳು ಕಣೋ. ಅಲ್ಲಿದ್ದಾಗ ನೀನೇ ಎತ್ತಿ ಆಡ್ಸಿದ್ದೆ."

"ಪಾಪ, ಇಲ್ಲ ಅಂದೋರ್ಯಾರು? ಚಳಿಗಾಲದಲ್ಲಿ ನನ್ನ ಮನೆ ಬೆಚ್ಚಗಿಡೋರ್ಯಾರು, ಅದು ಹೇಳು. ಸೈನ್ ಹಾಕಿದ್ರೆ ಇನ್ಮೇಲೆ ಈ ಟೇಬಲ್ಲಿಗೆ ಬರಬೇಡ."

ಈ ಮುದುಕರನ್ನು ಬಿಟ್ಟರೆ ಹಾರ್ಟ್‌ವಿಗ್‌ಗೆ ಇನ್ನಾರಿದ್ದರು? ಆದರೂ ಸಹಿ ಹಾಕಿದ. ಜೇಬಿನಿಂದ 112ರ ಅಚ್ಚು ತೆಗೆದು ಹೆಸರಿನ ಪಕ್ಕದಲ್ಲಿಟ್ಟು, ಪಂದ್ಯದ ಸುತ್ತಿಗೆಯಿಂದ ಒಂದೇ ಏಟು ಹೊಡೆದ. ಅಂಕಿ ಕಾಗದವನ್ನು ತೂರಿ ಟೇಬಲ್ಲಿನ ಮರಕ್ಕೆ ಇಳಿಯಿತು.

"ಅರ್ಧ ಬೆಸುಗೆ ಅವನದು ಕಣೋ," ಎಂದ.

ಮರುವರ್ಷ ಆಹ್ವಾನದ ಕಾರ್ಡು ಬರಲಿಲ್ಲ. ಜ್ಲಾತಾ ಇನ್ನೂ ಜೈಲಿನಲ್ಲೇ ಇದ್ದಳು. ಒಂದು ಮಂಗಳವಾರ ಮಧ್ಯಾಹ್ನ ಹಾರ್ಟ್‌ವಿಗ್ ಒಬ್ಬನೇ ಹೋಟೆಲಿಗೆ ಹೋಗಿ ಅದೇ ಟೇಬಲ್ಲಿನ ಮುಂದೆ ಕೂತ. ರೋಟ್ರೌಡ್ ಸೂಪು ತಂದಿಟ್ಟು, ಟೇಬಲ್ಲಿನ ಬಟ್ಟೆ ಸರಿಸಿ ಅಂಕಿ ತೋರಿಸಿದಳು.

"ಚೆನ್ನಾಗಿರೋ ಟೇಬಲ್ ಹಾಳ್ಮಾಡಿದ್ಯಲ್ಲೋ! ಉಜ್ಜಿಸೋಣ ಅಂತಿದ್ದೆ, ಎಕ್‌ಹಾರ್ಟ್ ಬಿಡ್ಲಿಲ್ಲ. ವಾರವಾರ ಬಂದು ಇಲ್ಲೇ ಕೂತು ಅದನ್ನ ಸವರ್ತಿರ್ತಾನೆ."

ಹಾರ್ಟ್‌ವಿಗ್ ಅಂಕಿಯ ಮೇಲೆ ಬೆರಳಾಡಿಸಿದ.

"ಯಾವತ್ತು ಬರ್ತಾನೆ?"

"ಗುರುವಾರ."