ಮಾನದ ಲೆಕ್ಕಕ್ಕಿಲ್ಲದವನು

ತೋರ್‌ಗಟ್ ಊರಿನ ಕ್ಷೌರಿಕ ಜರ್ದಾದನಿಗೆ ಅಲ್ಲಿನ ಪ್ರತಿ ಗಂಡಸಿನ ತಲೆಯ ಉಬ್ಬುತಗ್ಗು ಗೊತ್ತಿತ್ತು. ಹುಟ್ಟಿದ ಮಗುವಿನ ಮೊದಲ ಕೂದಲು ತೆಗೆಯುವವನು ಅವನು, ಹುಡುಗರಿಗೆ ಸುನ್ನತಿ ಮಾಡುವವನು ಅವನು, ಮದುವೆಯಲ್ಲಿ ಡೋಲು ಬಾರಿಸಿ, ಆಮೇಲೆ ಪಲಾವಿನ ಹಂಡೆ ಇಳಿಸುವವನೂ ಅವನೇ. ಯಾರಾದರೂ ತೀರಿಕೊಂಡರೆ ಬೆಟ್ಟದಾಚೆಯ ನೆಂಟರಿಗೆ ಸುದ್ದಿ ಮುಟ್ಟಿಸುವುದು ಅವನ ಕಾಲಿನ ಪಾಲಿಗೆ ಬಂದ ಕೆಲಸ. ಇದಕ್ಕೆಲ್ಲ ಗೋಧಿ ಕೊಯ್ಲಿಗೊಮ್ಮೆ, ಮೆಕ್ಕೆಜೋಳದ ಕೊಯ್ಲಿಗೊಮ್ಮೆ ಮನೆಮನೆಯಿಂದ ಕಾಳಿನ ಆಯ ಬರುತ್ತಿತ್ತು. ಸ್ವಂತ ಹೊಲವಿರಲಿಲ್ಲ. ಇದ್ದ ಮನೆ ಊರಿನ ಜಮೀನುದಾರ ಶಮ್ರೋಜ್ ಖಾನನದು.

ದೀರ್ ಸೀಮೆಯಲ್ಲಿ ಆಗಿನ್ನೂ ನವಾಬರ ಆಳ್ವಿಕೆ. ಹೊಲವಿಲ್ಲದವನಿಗೆ ಪಂಚಾಯಿತಿಯಲ್ಲಿ ಮಾತಿಲ್ಲ, ಹೆಗಲಿಗೆ ಬಂದೂಕಿಲ್ಲ, ಚಾವಡಿಯಲ್ಲಿ ಮಂಚವಿಲ್ಲ. ಖಾನರು ಹಗ್ಗದ ಮಂಚಗಳ ಮೇಲೆ ಕೂತು ಚಹಾ ಕುಡಿಯುವಾಗ ಜರ್ದಾದ್ ಅವರ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕೂರುತ್ತಿದ್ದ. ಅದರಿಂದ ಅವನಿಗೆ ಬೇಸರವಾದೀತೆಂದು ಯಾರಿಗೂ ಅನಿಸಿರಲಿಲ್ಲ. ಬಹುಕಾಲ ಅವನಿಗೂ ಅನಿಸಿರಲಿಲ್ಲ.

ಶಮ್ರೋಜ್ ಖಾನನಿಗೂ ಮೀರ್‌ಬಾಜ್ ಖಾನನಿಗೂ ದಾಯಾದಿ ಮತ್ಸರ ತಂದೆಯರ ಕಾಲದಿಂದಲೇ ಇತ್ತು. ಒಂದು ಬೇಸಿಗೆ ಕಾಲುವೆ ನೀರಿನ ಸರದಿಗೆ ಜಗಳ ಹತ್ತಿ, ಮೀರ್‌ಬಾಜ್ ಶಮ್ರೋಜನ ತಮ್ಮನನ್ನು ನೀರುಗಿರಣಿಯ ಬಳಿ ಗುಂಡಿಟ್ಟು ಕೊಂದ. ಅಂದಿನಿಂದ ಎರಡು ವರ್ಷ ಅವನು ತನ್ನ ಕಲ್ಲಿನ ಬುರುಜು ಬಿಟ್ಟು ಹೊರಬೀಳಲಿಲ್ಲ. ಸೇಡು ತೀರಿಸದ ಶಮ್ರೋಜನೂ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟ. ಹೋದರೆ ಹೆಂಗಸರು ಮಾಳಿಗೆಯ ಮೇಲಿಂದ, "ಬಳೆ ಕೊಡ್ರೇ ಖಾನರಿಗೆ," ಎಂದು ನಗುತ್ತಿದ್ದರು. ಎರಡೂ ಮನೆಗೆ ಹೋಗಿಬರುತ್ತಿದ್ದ ಒಬ್ಬನೇ ಗಂಡಸು ಜರ್ದಾದ್. ಪ್ರತಿ ಗುರುವಾರ ಬುರುಜಿಗೆ ಹೋಗಿ ಮೀರ್‌ಬಾಜನ ತಲೆ ಬೋಳಿಸಿ, ಗಡ್ಡ ತಿದ್ದಿ ಬರುತ್ತಿದ್ದ.

ಒಂದು ಮಧ್ಯಾಹ್ನ ಶಮ್ರೋಜ್ ಅವನನ್ನು ಚಾವಡಿಗೆ ಕರೆಸಿ, ಉಳಿದವರನ್ನೆಲ್ಲ ಹೊರಗೆ ಕಳಿಸಿದ.

"ಮೇಲೆ ಕೂರೋ."

"ಇಲ್ಲೇ ಇರ್ಲಿ, ಖಾನ್ರೇ."

"ಕೂರು ಅಂದೆ."

ಜರ್ದಾದ್ ಮಂಚದ ಅಂಚಿಗೆ ಕೂತ. ನಲವತ್ತೈದು ವರ್ಷದಲ್ಲಿ ಮೊದಲ ಸಲ. ಹಗ್ಗ ತೊಡೆಗೆ ಒತ್ತಿತು.

"ಗುರುವಾರ ಅವನ ಗಡ್ಡದ ಕೆಳಗೆ ಕತ್ತಿ ಆಡಿಸ್ತೀಯಲ್ಲ," ಎಂದ ಶಮ್ರೋಜ್. "ಈ ಸಲ ಸ್ವಲ್ಪ ಒತ್ತಿ ಆಡ್ಸು. ಬುರುಜಿನ ಹಿಂದೆ ನನ್ನ ಕುದುರೆ ನಿಂತಿರತ್ತೆ. ಕಾಲುವೆ ಪಕ್ಕದ ಎರಡು ಹೊಲ ನಿನ್ನ ಹೆಸರಿಗೆ. ಆಮೇಲೆ ನೀನೂ ನನ್ನ ಸಮಕ್ಕೆ ಈ ಮಂಚದ ಮೇಲೆ ಕೂರ್ತೀಯ."

ಜರ್ದಾದ್ ಕೇಳಿದ: "ಸೇಡು ನಿಮ್ದು, ಖಾನ್ರೇ. ಕೈ ನಂದಾದ್ರೆ ಅದು ನಿಮಗೆ ಸಲ್ಲತ್ತಾ?"

"ನನ್ನ ಅನ್ನ ತಿಂದ ಕೈ ನನ್ನದೇ. ನಿಂಗೇನೋ ನಷ್ಟ? ಮಾನ ಹೋಗ್ಬೇಕಾದ್ರೆ ಮೊದ್ಲು ಅದು ಇರ್ಬೇಕಲ್ಲ."

ಮನೆಗೆ ಬಂದು ಹೆಂಡತಿ ಬಖ್ತಮೀನಾಳಿಗೆ ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಎರಡು ಹೊಲ," ಎಂದಳು. "ನಮ್ಮ ಗುಲಾಲೈಗೆ ಖಾನರ ಮನೇಲಿ ಮುಸುರೆ ತಿಕ್ಕೋದು ತಪ್ತಿತ್ತು. ಮಗಳು ಇನ್ನೊಬ್ರ ಅಂಗಳ ಗುಡಿಸದೆ ಇರೋದು. ನನಗೆ ಮಾನ ಅಂದ್ರೆ ಅದೇ, ಗುಲಾಲೈ ಅಪ್ಪಾ."

"ಹಾಗಾದ್ರೆ ಮಾಡ್ಲಾ?"

ಅವಳು ಒಂದು ರೊಟ್ಟಿ ಬೇಯಿಸಿ ಮುಗಿಸಿದಳು. "ಮಾಡಿದ್ಮೇಲೆ ನಿನ್ನ ಮುಂದೆ ಯಾರು ಕತ್ತು ಚಾಚ್ತಾರೆ? ಹೊಲ ಉಳೋಕೆ ನಿಂಗೆ ಬರಲ್ಲ."

ಗುರುವಾರ ಜರ್ದಾದ್ ಎಂದಿನಂತೆ ಕತ್ತಿ ಮಸೆದುಕೊಂಡು ಬುರುಜಿಗೆ ಹೋದ. ಮೀರ್‌ಬಾಜ್ ಬಂದೂಕು ಗೋಡೆಗೆ ಒರಗಿಸಿ, ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ.

"ವಾರಕ್ಕೊಂದು ಗಳಿಗೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚೋದು ಅಂದ್ರೆ ಇದೇ ಕಣೋ," ಎಂದ. "ಹೆತ್ತ ಮಕ್ಕಳನ್ನೂ ನಾನು ಇಷ್ಟು ನಂಬಲ್ಲ. ಅವರಿಗೆ ಮಾನದ ಹುಚ್ಚಿದೆ. ನಿಂಗೆ ಆ ಗೋಜೇ ಇಲ್ಲ."

ಇಬ್ಬರು ಖಾನರೂ ಒಂದೇ ಮಾತು ಹೇಳಿದ್ದರು. ಜರ್ದಾದನಿಗೆ ಆ ಗಳಿಗೆ ಸಿಟ್ಟು ಬಂತು. ಬಂದದ್ದು ಕೈಗೂ ಇಳಿಯಿತು, ಕತ್ತಿ ಗಂಟಲ ಮೇಲೆ ಒಂದು ಉಸಿರು ನಿಂತಿತು. ಆಮೇಲೆ ಅವನು ನೊರೆ ಒರೆಸಿ ಕೆಲಸ ಮುಂದುವರಿಸಿದ. ಒಂದು ಗೀರೂ ಬೀಳಲಿಲ್ಲ. ಮೀರ್‌ಬಾಜ್ ಗೊರಕೆ ಹೊಡೆಯುತ್ತಿದ್ದ.

ಅಲ್ಲಿಂದ ನೇರ ಶಮ್ರೋಜನ ಚಾವಡಿಗೆ ಹೋಗಿ ನೆಲದ ಮೇಲೆ ಕೂತ.

"ನನ್ನಿಂದ ಆಗಲ್ಲ, ಖಾನ್ರೇ."

"ಅವನಿಗೆ ಹೇಳ್ದೆಯಾ?"

"ಒಂದು ಮನೆ ಮಾತು ಇನ್ನೊಂದು ಮನೆಗೆ ಹೊತ್ತವನಲ್ಲ ನಾನು. ಇದನ್ನೂ ಹೊರಲ್ಲ."

"ನಿನ್ನನ್ನ ಗುಂಡಿಟ್ಟು ಸುಟ್ಟುಬಿಡ್ಬೇಕು," ಎಂದ ಶಮ್ರೋಜ್, ಕೂಗಾಡದೆ. "ಆದ್ರೆ ಕ್ಷೌರದವನ್ನ ಕೊಂದ ಅಂತ ನನಗೇ ನಾಚಿಕೆ. ನಾಳೆ ಹೊತ್ತು ಏರೋದ್ರೊಳಗೆ ಮನೆ ಖಾಲಿ ಮಾಡು."

ಗಂಡ ಹೆಂಡತಿ ಮಗಳು ಡೋಲು ಹೊತ್ತು ಬೆಟ್ಟದಾಚೆಯ ಶೀನ್‌ಕೋಟಿಗೆ ಹೋದರು. ಆದರೆ ಓಡಿಸಿದ್ದಕ್ಕೆ ಊರಿಗೊಂದು ಕಾರಣ ಬೇಕಲ್ಲ. ತನ್ನ ಮನೆಯ ಬೆಳ್ಳಿ ಕಡಗ ಕದ್ದ ಎಂದು ಶಮ್ರೋಜ್ ಹೇಳಿದ. ಖಾನನ ಮಾತು, ಊರು ನಂಬಿತು. ಮೀರ್‌ಬಾಜನೂ ನಂಬಿ, "ಅವನ ಜಾತಿಯೇ ಅಷ್ಟು," ಎಂದನಂತೆ. ಸುದ್ದಿ ಬೆಟ್ಟ ದಾಟಿತು. ಗುಲಾಲೈಗೆ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು.

"ಈಗಾದ್ರೂ ಬಾಯಿ ಬಿಡು," ಎಂದು ಬಖ್ತಮೀನಾ ಅತ್ತಳು.

"ಬಿಟ್ರೆ ಅಲ್ಲಿ ನಾಲ್ಕು ಹೆಣ ಬೀಳತ್ತೆ," ಎಂದ ಜರ್ದಾದ್. "ಮೇಲಾಗಿ ಹೇಳಲ್ಲ ಅಂದಿದೀನಿ."

ಶೀನ್‌ಕೋಟಿನವರು ಮೊದಮೊದಲು ಕ್ಷೌರಕ್ಕೆ ಅಂಗಳದಲ್ಲೇ ಕೂತರು, ಮನೆಯೊಳಗೆ ಕರೆಯಲಿಲ್ಲ. ಮೂರು ವರ್ಷವಾದ ಮೇಲೆ ಗುಲಾಲೈಯನ್ನು ಹೇಸರಗತ್ತೆ ಹೊಡೆಯುವ ಒಬ್ಬ ವಿಧುರ ಮದುವೆಯಾದ. ಡೋಲನ್ನು ಅವಳಪ್ಪನೇ ಬಾರಿಸಿದ.

ಅವರು ಊರು ಬಿಟ್ಟು ಆರು ವರ್ಷಕ್ಕೆ ತೋರ್‌ಗಟ್‌ನಲ್ಲಿ ಹಿರಿಯರು ನಡುವೆ ಬಿದ್ದರು. ಮೀರ್‌ಬಾಜ್ ಕುರಿ ಹಿಡಿದುಕೊಂಡು, ತಲೆಗೆ ಪೇಟವಿಲ್ಲದೆ ಶಮ್ರೋಜನ ಬಾಗಿಲಿಗೆ ಬಂದು ನಿಂತ. ಹಾಗೆ ಬಾಗಿಲಿಗೆ ಬಂದವನನ್ನು ಕ್ಷಮಿಸದಿದ್ದರೆ ಮಾನ ಉಳಿಯದು, ಶಮ್ರೋಜ್ ಕ್ಷಮಿಸಿದ. ಅದೇ ಕುರಿಯ ಊಟಕ್ಕೆ ಒಂದೇ ತಟ್ಟೆಗೆ ಕೈಹಾಕಿ ಕೂತಾಗ ಅವನು ನಗುತ್ತ ಹೇಳಿದ: "ನಿನ್ನ ಕುತ್ತಿಗೆಗೆ ನಾನು ಎರಡು ಹೊಲದ ಬೆಲೆ ಕಟ್ಟಿದ್ದೆ ಕಣೋ. ಆ ಹಜಾಮ ಒಪ್ಪಲಿಲ್ಲ." ಮಂದಿಯೆಲ್ಲ ನಕ್ಕರು. ಮೀರ್‌ಬಾಜನ ತುತ್ತು ಮಾತ್ರ ಕೈಯಲ್ಲೇ ಉಳಿಯಿತು.

ಮೂರನೇ ದಿನ ಅವನು ಕುದುರೆ ಏರಿ ಶೀನ್‌ಕೋಟಿಗೆ ಬಂದು, ಜರ್ದಾದನ ಅಂಗಳದಲ್ಲಿ ಇಳಿದ.

"ಹೊಲ ನಾನು ಕೊಡ್ತೀನಿ, ಬಾ. ನನ್ನ ಪಕ್ಕದಲ್ಲಿ ಮಂಚ ಹಾಕ್ಸಿದೀನಿ."

"ಆ ಬೆಳ್ಳಿ ಕಡಗದ ವಿಷ್ಯ ಏನಾಯ್ತು, ಖಾನ್ರೇ?"

"ಅದನ್ನೆಲ್ಲ ಯಾರು ಜ್ಞಾಪಕ ಇಟ್ಕೊಂಡಿದಾರೆ?"

ಬಾಗಿಲ ಹಿಂದಿನಿಂದ ಬಖ್ತಮೀನಾ, "ನಾನು," ಎಂದಳು.

ಜರ್ದಾದ್ ಹೇಳಿದ: "ಶುಕ್ರವಾರ ನಮಾಜು ಮುಗಿದ್ಮೇಲೆ ಮಸೀದಿ ಮುಂದೆ ಶಮ್ರೋಜ್ ಖಾನ್ರು ಒಂದು ಮಾತು ಹೇಳ್ಲಿ. ಕಡಗ ಕಳುವಾಗ್ಲಿಲ್ಲ ಅಂತ. ಅಷ್ಟಾದ್ರೆ ಬರ್ತೀನಿ. ಹೊಲ ಬೇಡ."

ಮೀರ್‌ಬಾಜ್ ಹೋಗಿ ಕೇಳಿದ. ಶಮ್ರೋಜ್ ಇನ್ನೂ ಎರಡು ಹೊಲ ಕೊಡುವುದಕ್ಕೆ ಒಪ್ಪಿದ, ಆ ಮಾತಿಗೆ ಒಪ್ಪಲಿಲ್ಲ. ಕತ್ತು ಕೊಯ್ಯಿಸಲು ನೋಡಿದ್ದನ್ನು ಹೇಳಿಕೊಳ್ಳುವುದರಲ್ಲಿ ಅವನಿಗೆ ಸಂಕೋಚವಿರಲಿಲ್ಲ. ಅದು ಗಂಡಸಿನ ಕೆಲಸ. ಒಬ್ಬ ಕ್ಷೌರಿಕನ ಮೇಲೆ ಸುಳ್ಳು ಹೊರಿಸಿದೆನೆಂದು ನಾಲ್ಕು ಜನರೆದುರು ಹೇಗೆ ಹೇಳುವುದು? "ಖಾನನ ನಾಲಿಗೆಗೆ ಮರ್ಯಾದೆ ಬೇಡ್ವಾ?" ಎಂದು ಅವನು ಹಿರಿಯರನ್ನೇ ಕೇಳಿದ. ಹಿರಿಯರಿಗೂ ಅದು ಸರಿಯೆನಿಸಿತು.

ಜರ್ದಾದ್ ಹಿಂದಿರುಗಲಿಲ್ಲ. ಶೀನ್‌ಕೋಟಿನಲ್ಲೇ ಇನ್ನೂ ಹನ್ನೊಂದು ವರ್ಷ ಕ್ಷೌರ ಮಾಡಿದ. ಊರಿನವರಿಗೆ ಕತೆ ಗೊತ್ತಾದ ಮೇಲೆ ಅವನನ್ನು ಮನೆಯೊಳಗೆ ಕರೆಯತೊಡಗಿದರು. ಕೆಲವರು ಮಂಚವನ್ನೂ ತೋರಿಸಿದರು. ನೆಲದ ಮೇಲೆ ಕೂತರೆ ಬೆನ್ನಿಗೆ ಹಿತ ಎನ್ನುತ್ತಿದ್ದ. ಮೀರ್‌ಬಾಜ್ ವರ್ಷಕ್ಕೊಮ್ಮೆ ಬಂದು ತಲೆ ಬೋಳಿಸಿಕೊಂಡು ಹೋಗುತ್ತಿದ್ದ. ಆದರೆ ಕಣ್ಣು ಬಿಟ್ಟುಕೊಂಡೇ ಕೂರುತ್ತಿದ್ದನಂತೆ.

ಜರ್ದಾದ್ ಸತ್ತಾಗ ಮೀರ್‌ಬಾಜ್ ಬಂದು ಹೆಣಕ್ಕೆ ಹೆಗಲು ಕೊಟ್ಟ. ಶಮ್ರೋಜ್ ಬರಲಿಲ್ಲ, ಒಂದು ಮೂಟೆ ಅಕ್ಕಿ ಕಳಿಸಿದ. ಬಖ್ತಮೀನಾ ಅದನ್ನು ಬಿಚ್ಚದೆ, ತಂದ ಕತ್ತೆಯ ಮೇಲೇ ಹೇರಿಸಿ ಹಿಂದಕ್ಕೆ ಕಳಿಸಿದಳು. ಆ ದಿನ ಅವಳ ಮನೆಯಲ್ಲಿ ಅಕ್ಕಿಯಿರಲಿಲ್ಲ. ಸಾವಿಗೆ ಬಂದವರಿಗೆ ಪಕ್ಕದ ಮನೆಯವರು ಉಣಬಡಿಸಿದರು. ಬಡವಿಗೆ ಇಷ್ಟು ಸೊಕ್ಕು ಸಲ್ಲದು ಎಂದು ಅಲ್ಲೇ ಉಣ್ಣುತ್ತಿದ್ದವರು ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು.