ತೊಯ್ದ ಗೋಡೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸಿಂದಗಿಯ ಮನೆಯೊಂದರ ಗೋಡೆಯ ಮೇಲೆ, ಗೋಡೆಗೇ ಬಣ್ಣದ ಚಿತ್ರ ಮುದ್ರಿಸುವ ನಮ್ಮ ಕರೆಂಟಿನ ಯಂತ್ರ ನವಿಲನ್ನು ಮೂಡಿಸುತ್ತಿತ್ತು. ನಾನೂ ನನ್ನ ಗಂಡನೂ ಚಹಾ ಕುಡಿದು ಹೊರಬಂದರೆ, ಮನೆಯ ಅಜ್ಜಿ ಉಳಿದರ್ಧ ಗೋಡೆಗೆ ಕೊಡದಿಂದ ನೀರು ಎರಚಿ ನಿಂತಿದ್ದರು.

“ಸುಣ್ಣ ಹಚ್ಚೂ ಮುಂದ ಗ್ವಾಡಿ ತೋಯಿಸ್ಬೇಕಿಲ್ಲೇನು? ನೀವು ಮರ್ತೀರಿ ಅಂತ ನಾನ ಮಾಡೇನಿ.”

“ಅಯ್ಯ ಆಯಿ, ಇದು ಸುಣ್ಣ ಅಲ್ರಿ!” ಗಂಡ ನಗುತ್ತಲೇ ಯಂತ್ರ ನಿಲ್ಲಿಸಲು ಹೋಗಿ ಅದರ ಕಬ್ಬಿಣದ ಕಂಬ ಹಿಡಿದರು. ವೈರಿನ ಜೋಡಣೆ ನೆನೆದು ಕಂಬಕ್ಕೆ ಕರೆಂಟು ಬಂದಿತ್ತು. ಕೈ ಅಂಟಿಕೊಂಡಿತು, ದನಿ ಹೊರಡಲಿಲ್ಲ. ಹಿಡಿದೆಳೆಯಲು ಓಡಿದ ನನ್ನನ್ನು ಅಜ್ಜಿ ತೋಳು ಹಿಡಿದು ತಡೆದರು.

“ಮುಟ್ಟಬ್ಯಾಡವ್ವ!” ಎಂದವರೇ ಒಳಗಿದ್ದ ಸೊಸೆಗೆ, “ಮೇನ್ ಬಂದ್ ಮಾಡ!” ಎಂದು ಕೂಗಿದರು. ಸೊಸೆ ಸ್ವಿಚ್ ಇಳಿಸಿದಳು. ಗಂಡ ಬದುಕಿದರು.

ಆಮೇಲೆ ಎಷ್ಟೋ ರಾತ್ರಿ ಕಣ್ಣು ಮುಚ್ಚಿದರೆ ಕಂಬಕ್ಕೆ ಅಂಟಿದ ಆ ಕೈಯೇ ಕಾಣುತ್ತಿತ್ತು. ಎದ್ದೆದ್ದು ಅವರ ಉಸಿರು ನೋಡುತ್ತಿದ್ದೆ.

ಅವರು ಚೇತರಿಸಿಕೊಂಡ ಮೇಲೆ ನವಿಲು ಮುಗಿಸಲು ಹೋದೆವು. ಅಜ್ಜಿ ಕೊಡ ಬೋರಲು ಹಾಕಿ ಪಕ್ಕದಲ್ಲೇ ಕಾವಲು ಕೂತಿದ್ದರು.

“ಗ್ವಾಡಿ ಮುಗಿಯೂತನ ಯಾರಿಗೂ ಕುಡ್ಯಾಕೂ ನೀರಿಲ್ಲ!”

ಗಂಡ ಹೊಟ್ಟೆ ಹಿಡಿದು ನಕ್ಕರು. ನಾನು ಅಜ್ಜಿಯ ಕಾಲು ಮುಟ್ಟಿದೆ. ಅಂದು ಮುದ್ದೇಬಿಹಾಳದ ನಮ್ಮ ಮನೆಗೆ ಮರಳಿ, ಬೆಳಗಾಗುವವರೆಗೂ ಎಚ್ಚರವಾಗದೆ ಮಲಗಿದೆ.