ಏಳು ಬೀಳುವ ದಾರಿಗಳು

ಟಿವಿ ಮನೆಗೊಂದು ಬಂದು, ಮೊಬೈಲು ಇನ್ನೂ ಮಕ್ಕಳ ಕೈಗೆ ಸಿಗದಿದ್ದ ದಿನಗಳವು. ನಾಗರ ಪಂಚಮಿಗೆ ಮಸ್ಕಿಯ ನಮ್ಮ ಮನೆಯಲ್ಲಿ ಆರು ಮಕ್ಕಳು ಸೇರುತ್ತಿದ್ದೆವು. ಹುರಿದ ಎಳ್ಳು, ಬೆಲ್ಲದ ಪಾಕದ ವಾಸನೆ ಬೀದಿಯವರೆಗೆ ಬರುತ್ತಿತ್ತು. ಹಿತ್ತಲ ಬೇವಿನ ಮರಕ್ಕೆ ಒಂದೇ ಜೋಕಾಲಿ. ಒಬ್ಬರು ಕೂತರೆ ಉಳಿದ ಐವರು ತೂಗಬೇಕು.

ಪಾಳಿಯ ಜಗಳ ತಪ್ಪಿಸಲು ಆ ವರ್ಷ ಎರಡು ದಾಳ ಉರುಳಿಸಿದೆವು. ಬಿಳಿಯದು ನಮ್ಮ ಹಾವು-ಏಣಿ ಆಟದ್ದು. ಕೆಂಪನೆಯದನ್ನು ತಂದವಳು ಹಟ್ಟಿಯಿಂದ ಬಂದ ಸೋದರತ್ತೆಯ ಮಗಳು, ಹತ್ತನೇ ತರಗತಿಯ ಗಿರಿಜಕ್ಕ. ಅವಳಪ್ಪನಿಗೆ ಮರುದಿನವೇ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹಿಡಿಯಬೇಕು. ಅವಳಿಗೆ ಇದ್ದದ್ದು ಆ ಒಂದು ಸಂಜೆ.

ಒಬ್ಬೊಬ್ಬರು ಒಂದೊಂದು ಸಂಖ್ಯೆ ಹಿಡಿಯಬೇಕು. ಎರಡೂ ದಾಳ ಕೂಡಿಸಿದಾಗ ಯಾರ ಸಂಖ್ಯೆ ಬರುತ್ತದೋ ಅವರು ಜೋಕಾಲಿಗೆ. ಎಲ್ಲಕ್ಕಿಂತ ದೊಡ್ಡದೆಂದು ನಾನು ಹನ್ನೆರಡು ಹಿಡಿದೆ. ಗಿರಿಜಕ್ಕ ಏಳು. ಅವಳ ಏಳು ಮೇಲಿಂದ ಮೇಲೆ ಬಿದ್ದಾಗ ದೊಡ್ಡಪ್ಪನ ಮಗ ಬಸು ಹಗ್ಗ ಹಿಡಿದು ನಿಂತ.

"ಇಳಿಬೇ ಗಿರಿಜಾ. ಅಜ್ಜಿ, ಹಟ್ಟಿ ದಾಳದಾಗ ಏನೋ ಮಾಡಿ ತಂದಾಳ ಈಕಿ."

ಕಳ್ಳಾಟ ಆಡಿದವರಿಗೆ ಹಬ್ಬ ಮುಗಿಯುವವರೆಗೆ ಜೋಕಾಲಿ ಇಲ್ಲ ಎಂಬುದು ಅಜ್ಜಿಯ ಕಾಯಿದೆ. ಗಿರಿಜಕ್ಕ ಇಳಿದಳು. ಬುಟ್ಟಿಯಿಂದ ಹಬ್ಬಕ್ಕೆ ಹುರಿದು ಅರಳಿಸಿದ ಜೋಳದ ಅಳ್ಳು ತೆಗೆದುಕೊಂಡು ಕಟ್ಟೆಯ ಮೇಲೆ ಕೂತಳು.

"ನೋಡಲೇ ಬಸು. ಕೆಂಪು ಒಂದು, ಬಿಳಿ ಆರು, ಏಳಾತು. ಕೆಂಪು ಎರಡು, ಬಿಳಿ ಐದು, ಅದೂ ಏಳು."

ಒಂದೊಂದು ದಾರಿಗೆ ಒಂದೊಂದು ಅಳ್ಳು ಇಡುತ್ತ ಹೋದಳು. ಏಳರ ಸಾಲಿಗೆ ಆರು ಬಂದವು. ಹನ್ನೆರಡಕ್ಕೆ ಒಂದೇ.

"ಎಲ್ಲಾ ಕೂಡಿ ಮೂವತ್ತಾರು ದಾರಿ. ಅದರಾಗ ಆರು ನನ್ನವು," ಎಂದವಳು ನನ್ನತ್ತ ತಿರುಗಿದಳು. "ನಿನ್ನ ಹನ್ನೆರಡು ಬರಬೇಕಂದ್ರ ಎರಡೂ ದಾಳ ಆರೇ ಬೀಳಬೇಕು."

ಅಷ್ಟರಲ್ಲಿ ನನ್ನ ತಮ್ಮ ಏಳರ ಸಾಲಿನಿಂದ ಒಂದು ಅಳ್ಳು ಬಾಯಿಗೆ ಹಾಕಿಕೊಂಡ.

"ಈಗ ಐದ ಅದಾವ," ಎಂದ ಬಸು.

"ಅವ ತಿಂದದ್ದು ದಾಳಕ್ಕ ಗೊತ್ತಾಗಂಗಿಲ್ಲಲೇ," ಎಂದಳು ಗಿರಿಜಕ್ಕ.

ಅಜ್ಜಿ ಸಾಲುಗಳನ್ನೆಲ್ಲ ನೋಡಿ ಮುಗಿಸಿದಳು. "ಕಳ್ಳಾಟ ಅಲ್ಲ. ಆದ್ರ ಒಬ್ಬಾಕಿಗೆ ಆರು ದಾರಿ, ಈ ಕೂಸಿಗೆ ಒಂದ ದಾರಿ ಅಂದ್ರ ನ್ಯಾಯಾನೂ ಅಲ್ಲ. ಒಂದ ದಾಳ ಒಗೀರಿ. ಆರು ಮಂದಿ, ಆರು ಮುಖ. ಕೂತು ಇಳಿದವರು ಎಲ್ಲಾರದೂ ಮುಗಿಯೋತನಕ ತೂಗಬೇಕು."

ನಾನು ಆರು ಹಿಡಿದೆ. ಮೊದಲ ಸಲಕ್ಕೇ ಬಿತ್ತು. ಗಿರಿಜಕ್ಕನ ಮೂರು ಬೀಳಲೇ ಇಲ್ಲ. ಅವಳೊಬ್ಬಳೇ ಉಳಿದಾಗ ದಾಳ ಒಗೆಯುವುದು ಬೇಕಾಗಲಿಲ್ಲ. ಅವಳ ಹಿಂದೆ ಕಾಯುವವರೂ ಇರಲಿಲ್ಲ. ಹೊತ್ತು ಮುಳುಗುವವರೆಗೆ ತೂಗಿದೆವು, ಬಸು ಎಲ್ಲರಿಗಿಂತ ಜೋರಾಗಿ.

"ಸಾಕಲೇ, ಬೇವಿನ ತಪ್ಲ ಬಾಯಾಗ ಬರಾಕತ್ತೈತಿ," ಎಂದು ಅವಳು ಮೇಲೆ ಎಲೆಗಳ ನಡುವಿನಿಂದ ನಗುತ್ತಿದ್ದಳು.

ಈಗಲೂ ಅದೇ ಮರ, ಅದೇ ಹಬ್ಬ. ಮಕ್ಕಳು ಇಬ್ಬರೇ: ನನ್ನ ಮಗಳು, ತಮ್ಮನ ಮಗ. ಹೋದ ಪಂಚಮಿಗೆ ದಾಳ ಕೊಟ್ಟೆ. ಒಬ್ಬೊಬ್ಬರಿಗೆ ಮೂರು ಮುಖ ಬಂದವು. ಪಾಳಿ ಬೇಗ ಬಂತು, ಜಗಳವಾಗಲಿಲ್ಲ, ಇಬ್ಬರೂ ಖುಷಿಯಾಗಿದ್ದರು. ಜೋಕಾಲಿ ಮಾತ್ರ ಕೆಳಗಿನ ಕೊಂಬೆಯ ಎಲೆಯನ್ನೂ ಮುಟ್ಟಲಿಲ್ಲ. ನಮಗೆ ಆರರಲ್ಲಿ ಒಂದೇ ಮುಖ ಇತ್ತು, ತೂಗಲು ಐವರಿದ್ದರು.